ನೆತ್ತಿ ಮೇಲಿನ ಸೂರ್ಯ ಎಷ್ಟು ಹತ್ತಿರ?

ಭೂಮಿ ದುಂಡಗಿದೆ, ತನ್ನ ಸುತ್ತ ತಾನು ತಿರುಗುತ್ತದೆ. ಹಾಗಿದ್ದ ಮೇಲೆ ನಾವು ನಿಂತ ನೆಲ ಮಧ್ಯಾಹ್ನದ ಹೊತ್ತಿಗೆ ಸೂರ್ಯನ ಕಡೆಗೆ ಉಬ್ಬಿಕೊಂಡಿರುತ್ತದೆ, ನಡುರಾತ್ರಿ ಅದೇ ನೆಲ ಆಚೆ ಬದಿಗೆ ಸರಿದಿರುತ್ತದೆ. ಅಂದರೆ ಮಧ್ಯಾಹ್ನ ಸೂರ್ಯ ನಮಗೆ ಹತ್ತಿರ, ರಾತ್ರಿ ದೂರ. ಮಧ್ಯಾಹ್ನ ಉರಿ, ರಾತ್ರಿ ತಂಪು. ಎರಡನ್ನೂ ಜೋಡಿಸಿದರೆ ಲೆಕ್ಕ ಮುಗಿಯಿತಲ್ಲ?

ಚಳ್ಳಕೆರೆ ಕಡೆಯ ಮಾರ್ಚ್ ಬಿಸಿಲಲ್ಲಿ ನಡೆದು ಶಾಲೆಗೆ ಬಂದ ಹುಡುಗನೊಬ್ಬ ಹೀಗೆ ಕೇಳಿದ ಎಂದುಕೊಳ್ಳಿ. ಅವನಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. “ಹತ್ತಿರಾನೂ ಇಲ್ಲ, ದೂರಾನೂ ಇಲ್ಲ, ಕೂತ್ಕೋ” ಎನ್ನುವುದು ಒಂದು. “ಶಭಾಷ್, ಸರಿಯಾಗಿ ಹೇಳಿದೆ” ಎನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದರಲ್ಲಿ ಅಪಾಯ ಹೆಚ್ಚು, ಏಕೆಂದರೆ ಅದು ಒಂದು ನಿಜವನ್ನು ತೋರಿಸಿ ಒಂದು ಸುಳ್ಳನ್ನು ದಾಟಿಸುತ್ತದೆ. ಸೂರ್ಯ ಹತ್ತಿರ ಎಂಬ ಮಾತಿಗೂ ಸೆಕೆ ಎಂಬ ಮಾತಿಗೂ ನಡುವೆ ಅವನು ಬಾಯಿಬಿಟ್ಟು ಹೇಳದೆ ಹಾಕಿದ ‘ಅದಕ್ಕೇ’ ಇದೆಯಲ್ಲ, ಜಗಳ ಇರುವುದು ಆ ಒಂದು ಪದದ ಮೇಲೆ.

ಹುಡುಗನಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸೋಣ. ಚಳ್ಳಕೆರೆ ಸಮಭಾಜಕದಿಂದ 14.3 ಡಿಗ್ರಿ ಉತ್ತರಕ್ಕಿದೆ, ಮೊಳಕಾಲ್ಮೂರು 14.7 ಡಿಗ್ರಿ. ಭೂಮಿಯ ತಿರುಗಾಟದಿಂದ ಚಳ್ಳಕೆರೆಯ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ, ಗಂಟೆಗೆ 1,600 ಕಿಲೋಮೀಟರಿಗೂ ಮೀರಿ, ಮೂಡಣಕ್ಕೆ ಓಡುತ್ತಿರುತ್ತದೆ. ಭೂಮಿಯ ತ್ರಿಜ್ಯ 6,378 ಕಿ.ಮೀ. ಏಪ್ರಿಲ್ ಕೊನೆಗೆ ಸೂರ್ಯ ಈ ಎರಡು ಊರುಗಳ ನೆತ್ತಿಗೇ ಬರುವುದರಿಂದ, ಆಗಿನ ನಡುಮಧ್ಯಾಹ್ನ ಹೆಚ್ಚೂಕಡಿಮೆ ಪೂರ್ತಿ ತ್ರಿಜ್ಯದಷ್ಟು, ಅಂದರೆ 6,378 ಕಿ.ಮೀ., ಸೂರ್ಯನ ಕಡೆಗೆ ಬಂದಿರುತ್ತೇವೆ. ನಡುರಾತ್ರಿ 5,600 ಕಿ.ಮೀ. ಆಚೆಗೆ ಹೋಗಿರುತ್ತೇವೆ. ಒಟ್ಟು ತೂಗಾಟ ಸುಮಾರು 12,000 ಕಿ.ಮೀ. ಹುಡುಗ ಹೇಳಿದ್ದು ಸುಳ್ಳಲ್ಲ. ಪ್ರತಿ ದಿನ, ಕೂತಲ್ಲೇ, ಹನ್ನೆರಡು ಸಾವಿರ ಕಿಲೋಮೀಟರ್ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದೇವೆ.

ಹನ್ನೆರಡು ಸಾವಿರ ಎಂದರೆ ದೊಡ್ಡದೇ. ಆದರೆ ಯಾವುದರ ಮುಂದೆ? ಸೂರ್ಯ ಇರುವುದು ಸರಾಸರಿ 14 ಕೋಟಿ 96 ಲಕ್ಷ ಕಿ.ಮೀ. ದೂರದಲ್ಲಿ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ದಾರಿ, ಆ ದಾರಿಯನ್ನೇ ಸೂರ್ಯನ ದೂರ ಎಂದಿಟ್ಟುಕೊಂಡರೆ ಭೂಮಿಯ ತ್ರಿಜ್ಯ ಎಂಟೂವರೆ ಮೀಟರ್ ಆಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಕೊನೇ ಸೀಟಿನಿಂದ ಎದ್ದು ಡ್ರೈವರ್ ಹಿಂದಿನ ಸೀಟಿಗೆ ಬಂದು ಕೂತು, “ಬೆಂಗಳೂರು ಹತ್ತಿರವಾಯಿತು” ಎಂದಷ್ಟು. ಅದೂ ನಿಜವೇ. ಆದರೆ ಮುಂದಿನ ಸೀಟಿಗೆ ಬಂದದ್ದಕ್ಕೆ ಬೆಂಗಳೂರಿನ ತಂಗಾಳಿ ಮುಖಕ್ಕೆ ಬಡಿಯಿತು ಎಂದು ಯಾರಾದರೂ ಹೇಳಿದರೆ ಕಂಡಕ್ಟರು ನಗುತ್ತಾನೆ.

ಬೆಳಕಿನ ಲೆಕ್ಕವೂ ಹೀಗೆಯೇ. ದೂರ ಕಡಿಮೆಯಾದಂತೆ ಬೆಳಕು ದೂರದ ವರ್ಗದ ವಿಲೋಮ ಪ್ರಮಾಣದಲ್ಲಿ ಹೆಚ್ಚುತ್ತದೆ. ನಮ್ಮ ದೂರದಲ್ಲಿ ವಾತಾವರಣದ ಹೊರಗೆ, ಸೂರ್ಯನಿಗೆ ಮುಖ ಮಾಡಿ ಹಿಡಿದ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬೀಳುತ್ತದೆ. ಇಡೀ 12,000 ಕಿ.ಮೀ. ತೂಗಾಟದಿಂದ ಅದರಲ್ಲಿ ಆಗಬಹುದಾದ ಹೆಚ್ಚುಕಡಿಮೆ ಕಾಲು ವ್ಯಾಟನ್ನೂ ಮುಟ್ಟುವುದಿಲ್ಲ. ಇಲ್ಲಿ ಬೇಸಿಗೆಯ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿಗೂ ಮೀರಿದ ಅಂತರ ಇರುತ್ತದೆ. ಅಷ್ಟು ದೊಡ್ಡ ಹೊರೆಯನ್ನು ಇಷ್ಟು ಸಣ್ಣ ಎತ್ತು ಎಳೆಯಲಾರದು.

ಇಲ್ಲಿಗೆ ನಿಲ್ಲಿಸಿದರೂ ವಾದ ಗೆದ್ದಂತೆಯೇ. ಆದರೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುವುದರಿಂದ ಇದಕ್ಕಿಂತ ಸ್ವಾರಸ್ಯದ ಸಂಗತಿಯೊಂದು ತಪ್ಪಿಹೋಗುತ್ತದೆ. ಭೂಮಿ ತನ್ನ ಸುತ್ತ ತಿರುಗುವುದಷ್ಟೇ ಅಲ್ಲ, ಸೂರ್ಯನ ಸುತ್ತಲೂ ಹೋಗುತ್ತದೆ. ಆ ದಾರಿ ಪೂರ್ತಿ ವೃತ್ತವಲ್ಲ. ಜನವರಿ 3ರಿಂದ 5ರ ಸುಮಾರಿಗೆ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14 ಕೋಟಿ 71 ಲಕ್ಷ ಕಿ.ಮೀ. ಜುಲೈ ಮೊದಲ ವಾರದಲ್ಲಿ ಅತಿ ದೂರ, 15 ಕೋಟಿ 21 ಲಕ್ಷ ಕಿ.ಮೀ. ಜನವರಿಯಿಂದ ಜುಲೈವರೆಗೆ ಭೂಮಿ ದಿನವೂ ಸೂರ್ಯನಿಂದ ಹಿಂದೆ ಸರಿಯುತ್ತಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಹೀಗೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 450 ಮೀಟರ್.

ಈಗ ಎರಡು ವೇಗಗಳನ್ನು ಎದುರುಬದುರು ಇಟ್ಟು ನೋಡಿ. ಏಪ್ರಿಲ್ 28ರ ಬೆಳಗ್ಗೆ ಸೂರ್ಯ ಹುಟ್ಟುವ ಗಳಿಗೆಯಲ್ಲಿ ಭೂಮಿಯ ತಿರುಗಾಟ ಚಳ್ಳಕೆರೆಯನ್ನು ಸೂರ್ಯನ ಕಡೆಗೆ ಒಯ್ಯುವ ವೇಗ ಸೆಕೆಂಡಿಗೆ 437 ಮೀಟರ್ ಆಸುಪಾಸು. ದಿನದಲ್ಲಿ ಅದು ಮುಟ್ಟುವ ಗರಿಷ್ಠವೇ ಅಷ್ಟು. ಹೊತ್ತೇರಿದಂತೆ ಇಳಿಯುತ್ತ ಹೋಗಿ ನಡುಮಧ್ಯಾಹ್ನಕ್ಕೆ ಸೊನ್ನೆಯಾಗುತ್ತದೆ. ಅತ್ತ ಕಕ್ಷೆಯ ಓಟ ಮಾತ್ರ ಬಿಡುವಿಲ್ಲದೆ 450ರ ವೇಗದಲ್ಲಿ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಸೂರ್ಯೋದಯದಿಂದ ನಡುಹೊತ್ತಿನವರೆಗಿನ ಆರು ಕಾಲು ಗಂಟೆಯಲ್ಲಿ ತಿರುಗಾಟ ನಮ್ಮನ್ನು 6,378 ಕಿ.ಮೀ. ಹತ್ತಿರ ತರುತ್ತದೆ, ಕಕ್ಷೆ ಹತ್ತು ಸಾವಿರ ಕಿ.ಮೀ. ದೂರ ಒಯ್ಯುತ್ತದೆ. ಕೂಡಿ ಕಳೆದರೆ, ಚಳ್ಳಕೆರೆಯ ಮಂದಿಗೆ ಏಪ್ರಿಲ್ ಕೊನೆಯ ನಡುಮಧ್ಯಾಹ್ನದ ಸೂರ್ಯ ಅದೇ ದಿನ ಬೆಳಗ್ಗೆ ಕಂಡ ಸೂರ್ಯನಿಗಿಂತ ಮೂರೂವರೆ ನಾಲ್ಕು ಸಾವಿರ ಕಿ.ಮೀ. ದೂರದಲ್ಲಿರುತ್ತಾನೆ.

ಬಸ್ಸಿನ ಮಾತಿಗೇ ಮರಳುವುದಾದರೆ, ನೀವು ಹಿಂದಿನ ಸೀಟಿನಿಂದ ಮುಂದಕ್ಕೆ ನಡೆದು ಬರುವಷ್ಟರಲ್ಲಿ ಡ್ರೈವರ್ ಬಸ್ಸನ್ನೇ ಹದಿಮೂರು ಮೀಟರ್ ರಿವರ್ಸ್ ತೆಗೆದಿದ್ದಾನೆ!

ಎಳೆಬಿಸಿಲಿನ ಸೂರ್ಯ ಹತ್ತಿರ, ನೆತ್ತಿ ಸುಡುವ ಸೂರ್ಯ ದೂರ. ಅಕ್ಟೋಬರ್ ಮೊದಲ ವಾರದಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಆಗ ಭೂಮಿ ಸೂರ್ಯನತ್ತ ಬರುತ್ತಿರುತ್ತದೆ, ಹಾಗಾಗಿ ಮಧ್ಯಾಹ್ನಕ್ಕಿಂತ ಸಂಜೆಯ ಸೂರ್ಯನೇ ಸುಮಾರು ನಾಲ್ಕೂವರೆ ಸಾವಿರ ಕಿ.ಮೀ. ಹತ್ತಿರ. ಹುಡುಗನ ಸೂತ್ರ ಕಲಬೆರಕೆಯಿಲ್ಲದೆ ನಿಜವಾಗುವುದು ಕಕ್ಷೆಯ ಈ ಎಳೆದಾಟ ನಿಂತಿರುವ ಜನವರಿ ಆರಂಭದಲ್ಲಿ ಮತ್ತು ಜುಲೈ ಆರಂಭದಲ್ಲಿ. ಜನವರಿ 3ರ ಸುಮಾರಿನ ನಡುಮಧ್ಯಾಹ್ನವೇ ಚಳ್ಳಕೆರೆಯ ಮಂದಿ ವರ್ಷದಲ್ಲಿ ಸೂರ್ಯನಿಗೆ ಅತಿ ಹತ್ತಿರ ಇರುವ ಹೊತ್ತು. ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇರುತ್ತದೆ. ಕುರುಬರ ಮಗ್ಗದಿಂದ ಬಂದ ಚಳ್ಳಕೆರೆಯ ಕಂಬಳಿ ಆ ವಾರ ರಾತ್ರಿಯಷ್ಟೇ ಅಲ್ಲ, ಬೆಳಗ್ಗೆ ಎಂಟು ಗಂಟೆಯವರೆಗೂ ಮೈಮೇಲೆ ಇರುತ್ತದೆ. ಏಪ್ರಿಲ್ ಕೊನೆಯಲ್ಲಿ ಊರು ಕಾದ ಹೆಂಚಾದಾಗ ನಾವು ಜನವರಿಗಿಂತ 35 ಲಕ್ಷ ಕಿ.ಮೀ. ದೂರ ಹೋಗಿರುತ್ತೇವೆ. ದೂರವೇ ಯಜಮಾನನಾಗಿದ್ದರೆ ಕಂಬಳಿಯನ್ನು ಏಪ್ರಿಲ್‌ನಲ್ಲಿ ಹೊದೆಯಬೇಕಿತ್ತು. ಇಷ್ಟು ಸಾಲದು ಎನ್ನುವವರು ಆಸ್ಟ್ರೇಲಿಯಾವನ್ನು ನೆನೆಯಲಿ: ಅದೇ ಭೂಮಿ, ಅದೇ ದೂರ, ಜನವರಿಯಲ್ಲಿ ಅಲ್ಲಿ ಬೇಸಿಗೆ.

ಹಾಗಾದರೆ ಸುಡುವುದು ಯಾವುದು? ಇದಕ್ಕೆ ಉತ್ತರ ನಮ್ಮ ಮಾತಿನಲ್ಲೇ ಇತ್ತು, ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ ಎಂದು ನನ್ನ ಅನಿಸಿಕೆ. ಹಳ್ಳಿಯಲ್ಲಿ ಹೊತ್ತು ಹೇಳುವ ಪದಗಳನ್ನು ಗಮನಿಸಿ. ಹೊತ್ತು ಮೂಡಿತು, ಮಾರು ಹೊತ್ತು ಏರಿತು, ಹೊತ್ತು ನೆತ್ತಿಗೆ ಬಂತು, ಹೊತ್ತು ವಾಲಿತು, ಇಳಿಹೊತ್ತಾಯಿತು. ಎಳೆಬಿಸಿಲು, ಏರುಬಿಸಿಲು, ಇಳಿಬಿಸಿಲು. ಇಷ್ಟರಲ್ಲಿ ಒಂದಾದರೂ ಸೂರ್ಯ ಹತ್ತಿರ ಬಂದ, ದೂರ ಹೋದ ಎನ್ನುತ್ತದೆಯೇ? ಎಲ್ಲವೂ ಎತ್ತರವನ್ನು, ಓರೆಯನ್ನು ಹೇಳುತ್ತವೆ. ದಿಗಂತದಿಂದ ಸೂರ್ಯ ಎಷ್ಟು ಮೇಲಿದ್ದಾನೆ ಎಂಬುದನ್ನು ಕೈಯ ಅಳತೆಯಲ್ಲಿ, ಮಾರಿನಲ್ಲಿ, ಅಳೆಯುತ್ತವೆ. ವಿಜ್ಞಾನ ಹೇಳುವುದೂ ಇದನ್ನೇ. ಸೂರ್ಯ ನೆತ್ತಿಯ ಮೇಲಿದ್ದಾಗ ಒಂದು ಮೀಟರ್ ಅಗಲದ ಬೆಳಕಿನ ಪಟ್ಟಿ ಒಂದು ಮೀಟರ್ ನೆಲವನ್ನೇ ಕಾಯಿಸುತ್ತದೆ. ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಅದೇ ಪಟ್ಟಿ ಎರಡು ಮೀಟರಿಗೆ ಹರಡಿಕೊಳ್ಳುತ್ತದೆ, ಒಂದೊಂದು ಮೀಟರಿಗೆ ಅರ್ಧ ಪಾಲು. ಜೊತೆಗೆ ಗಾಳಿಯ ಅಡ್ಡಗೋಡೆ ಬೇರೆ. ದಿಗಂತದ ಸೂರ್ಯನ ಬೆಳಕು ದಾಟಿ ಬರಬೇಕಾದ ಗಾಳಿ ನೆತ್ತಿಯ ಸೂರ್ಯನದಕ್ಕಿಂತ ಸುಮಾರು 38 ಪಟ್ಟು. ಹುಟ್ಟುವ ಸೂರ್ಯನನ್ನು ಕಣ್ಣು ತಡೆದುಕೊಳ್ಳುವುದು ಅದಕ್ಕೇ. ಈ ‘ಅದಕ್ಕೇ’ ನಿಲ್ಲುತ್ತದೆ; ಏಕೆಂದರೆ ಇದರ ಹಿಂದಿನ ಅಂಕಿ ಅರ್ಧ, ಮುಕ್ಕಾಲು ಎನ್ನುವಷ್ಟು ದೊಡ್ಡದು, ಕಾಲು ವ್ಯಾಟ್ ಅಲ್ಲ.

ಚಳಿಗಾಲದ ಬೆಳಗ್ಗೆ ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುವ ಅಜ್ಜನಿಗೆ ಈ ಜ್ಯಾಮಿತಿ ಗೊತ್ತು. ನೆಲಕ್ಕೆ ಓರೆಯಾಗಿ ಬೀಳುವ ಬಿಸಿಲು ನೆಟ್ಟಗೆ ಹಿಡಿದ ಬೆನ್ನಿಗೆ ನೇರವಾಗಿ ಬೀಳುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಾಗಲಿ, ಹೊಲದ ಪಂಪ್‌ಸೆಟ್ಟಿನ ಸೋಲಾರ್ ಹಲಗೆಯಾಗಲಿ ನಡೆಯುವುದು ಅದೇ ಬುದ್ಧಿಯಿಂದ. ಹಲಗೆಯನ್ನು ಎತ್ತರದ ಕಂಬಕ್ಕೆ ಏರಿಸಿ ಸೂರ್ಯನಿಗೆ ಹತ್ತಿರ ಮಾಡಲು ಯಾರೂ ಹೋಗುವುದಿಲ್ಲ, ವಾಲಿಸುತ್ತಾರೆ.

ಮತ್ತೊಂದು ಸಾಕ್ಷಿ ದಿನವೂ ನಮ್ಮ ಕಣ್ಣೆದುರೇ ನಡೆಯುತ್ತದೆ. ಸೂರ್ಯ ಚಳ್ಳಕೆರೆಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಏಪ್ರಿಲ್ ಕೊನೆಯಲ್ಲಿ 12 ಗಂಟೆ 21 ನಿಮಿಷದ ಸುಮಾರಿಗೆ. ಆದರೆ ಅತಿ ಹೆಚ್ಚು ಧಗೆ ಎರಡು, ಮೂರು ಗಂಟೆಗೆ. ಆ ಹೊತ್ತಿಗೆ ತಿರುಗಾಟವೂ ನಮ್ಮನ್ನು ಸೂರ್ಯನಿಂದ ಹಿಂದಕ್ಕೆ ಒಯ್ಯಲು ಶುರುಮಾಡಿರುತ್ತದೆ. ನೆಲಕ್ಕೆ ಬರುವ ಆದಾಯ ಹೋಗುವ ಖರ್ಚಿಗಿಂತ ಹೆಚ್ಚಿರುವವರೆಗೂ ಬಿಸಿ ಏರುತ್ತಲೇ ಹೋಗುತ್ತದೆ, ಅಷ್ಟೇ.

ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲೂ ಈ ಜಗಳ ನಡೆದಿತ್ತಂತೆ. ‘ಲಿಯೆಝಿ’ ಎಂಬ ಹಳೆಯ ಗ್ರಂಥದ ಒಂದು ಕಥೆಯಲ್ಲಿ ಇಬ್ಬರು ಹುಡುಗರು ಕನ್‌ಫ್ಯೂಷಿಯಸನ ಎದುರು ವಾದಕ್ಕೆ ಬೀಳುತ್ತಾರೆ. ಹುಟ್ಟುವ ಸೂರ್ಯ ದೊಡ್ಡದಾಗಿ ಕಾಣುತ್ತಾನೆ, ಆದ್ದರಿಂದ ಬೆಳಗ್ಗೆ ಹತ್ತಿರ ಎನ್ನುತ್ತಾನೆ ಒಬ್ಬ. ಮಧ್ಯಾಹ್ನ ಸುಡುತ್ತಾನೆ, ಆದ್ದರಿಂದ ಆಗಲೇ ಹತ್ತಿರ ಎನ್ನುತ್ತಾನೆ ಇನ್ನೊಬ್ಬ. ಜ್ಞಾನಿಗೆ ತೀರ್ಪು ಹೇಳಲಾಗಲಿಲ್ಲ, ಹುಡುಗರು ನಕ್ಕರು. ನನಗನ್ನಿಸುವಂತೆ ಆತ ಸೋತಿದ್ದು ಜ್ಞಾನದ ಕೊರತೆಯಿಂದಲ್ಲ, ‘ಎಷ್ಟು?’ ಎಂದು ಮರುಪ್ರಶ್ನೆ ಹಾಕದ್ದರಿಂದ. ಇಬ್ಬರೂ ಕಂಡದ್ದು ನಿಜ, ಇಬ್ಬರ ಕಾರಣವೂ ಸುಳ್ಳು. ದಿಗಂತದಲ್ಲಿ ಸೂರ್ಯ ದೊಡ್ಡದಾಗಿ ಕಾಣುವುದು ನಮ್ಮ ಮನಸ್ಸಿನ ಆಟ; ಫೋಟೊ ತೆಗೆದು ಅಳೆದರೆ ಅಗಲ ಹಿಗ್ಗಿರುವುದಿಲ್ಲ.

ನಮ್ಮ ಸೀಮೆಗೂ ಸೂರ್ಯನ ಹತ್ತಿರ ಹೋದವರ ಕಥೆಯೊಂದು ಅಂಟಿಕೊಂಡಿದೆ. ಅಶೋಕನ ಶಾಸನದಿಂದ ಹೆಸರಾದ ಮೊಳಕಾಲ್ಮೂರು ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟ, ಜಟಾಯು ಬಿದ್ದ ಜಾಗವೆಂದು ಜನ ನಂಬುತ್ತಾರೆ. ರಾಮಾಯಣದಲ್ಲಿ ಜಟಾಯು ಮತ್ತು ಅವನ ಅಣ್ಣ ಸಂಪಾತಿ ಸೂರ್ಯನತ್ತ ಹಾರುತ್ತಾರೆ. ನಡುಹೊತ್ತಿಗೆ ತಮ್ಮ ಬಳಲುತ್ತಾನೆ, ಅವನ ಮೇಲೆ ರೆಕ್ಕೆ ಹರಡಿ ಕಾಪಾಡಲು ಹೋದ ಅಣ್ಣನ ರೆಕ್ಕೆಗಳು ಸುಟ್ಟುಹೋಗುತ್ತವೆ. ಕಥೆಯಾಗಿ ಇದು ಬಹಳ ದೊಡ್ಡದು. ಭೌತಶಾಸ್ತ್ರವಾಗಿ ಇದನ್ನು ಓದಲು ಹೋಗಬಾರದು. ಅದೇ ಬೆಟ್ಟ ಹತ್ತಿ ನೋಡಿ, ಮೇಲೆ ಹೋದಂತೆ ಗಾಳಿ ತಂಪಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುವುದು ವಾತಾವರಣದ ಸಾಮಾನ್ಯ ಲೆಕ್ಕ.

ಆದರೆ ಈ ಬೆಟ್ಟದ ವಾದವನ್ನು ನಾನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ. ಬೆಟ್ಟ ಏರಿದರೆ ಹತ್ತಿರವಾಗುವುದು ಕೆಲವು ನೂರು ಮೀಟರ್ ಮಾತ್ರ, ನಮ್ಮ ಪ್ರಶ್ನೆ ಸಾವಿರಾರು ಕಿಲೋಮೀಟರಿನದು ಎಂದು ಆ ಹುಡುಗ ಹೇಳಿದರೆ ಅವನ ಆಕ್ಷೇಪ ನ್ಯಾಯವಾದದ್ದೇ. ಅವನಿಗೆ ಆದಿತ್ಯ-ಎಲ್1 ತೋರಿಸಬೇಕು. 2023ರ ಸೆಪ್ಟೆಂಬರ್ 2ರಂದು ಇಸ್ರೊ ಹಾರಿಸಿದ ಆ ನೌಕೆ 2024ರ ಜನವರಿ 6ರಂದು ತನ್ನ ನೆಲೆ ತಲುಪಿತು, ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿ.ಮೀ. ದೂರದಲ್ಲಿ. ನಮ್ಮ ದಿನದ ತೂಗಾಟದ ನೂರಿಪ್ಪತ್ತೈದು ಪಟ್ಟು ಹತ್ತಿರ ಹೋಗಿ, ವರ್ಷದುದ್ದಕ್ಕೂ ಅಲ್ಲೇ ಇದೆ. ಅದಕ್ಕೆ ಅಲ್ಲಿ ನಮಗಿಂತ ಸಿಗುವ ಹೆಚ್ಚುವರಿ ಬಿಸಿಲು ನೂರಕ್ಕೆ ಎರಡು ಪಾಲು ಮಾತ್ರ.

ಭೂಮಿಯ ತ್ರಿಜ್ಯ ಎಲ್ಲಿಯೂ ಲೆಕ್ಕಕ್ಕೆ ಬರುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಚಂದ್ರನ ವಿಷಯದಲ್ಲಿ ಬರುತ್ತದೆ. ಅವನು ಇರುವುದು ಭೂಮಿಯ ಅರವತ್ತು ತ್ರಿಜ್ಯಗಳಷ್ಟು ದೂರದಲ್ಲಿ, ಆದ್ದರಿಂದ ನೆತ್ತಿಗೆ ಬಂದ ಚಂದ್ರ ದಿಗಂತದ ಚಂದ್ರನಿಗಿಂತ ನಿಜವಾಗಿಯೂ ಒಂದೂವರೆ ಶೇಕಡಾದಷ್ಟು ದೊಡ್ಡವನು. 2023ರ ಏಪ್ರಿಲ್ 20ರ ಸೂರ್ಯಗ್ರಹಣ ದಾರಿಯ ತುದಿಗಳಲ್ಲಿ ಕಂಕಣವಾಗಿ, ನಡುವೆ ಖಗ್ರಾಸವಾಗಿ ಕಂಡದ್ದು ಭೂಮಿಯ ಈ ಉಬ್ಬಿನಿಂದಲೇ. ಇನ್ನೂ ದೊಡ್ಡ ಮಾತೆಂದರೆ, ಸೂರ್ಯನ ದೂರವನ್ನು ಮನುಷ್ಯ ಅಳೆದದ್ದೇ ಈ ತ್ರಿಜ್ಯವನ್ನು ಗಜಕೋಲು ಮಾಡಿಕೊಂಡು. ಶುಕ್ರಗ್ರಹ ಸೂರ್ಯನ ಮುಖದ ಮೇಲೆ ಹಾದುಹೋದ 1761, 1769, 1874ರ ಶುಕ್ರಸಂಕ್ರಮಣಗಳನ್ನು ಭೂಮಿಯ ಬೇರೆ ಬೇರೆ ಮೂಲೆಗಳಿಂದ ನೋಡಿ, ನೋಟದಲ್ಲಿನ ಪುಟ್ಟ ವ್ಯತ್ಯಾಸದಿಂದ ದೂರ ಲೆಕ್ಕ ಹಾಕಿದರು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ 1874ರ ಸಂಕ್ರಮಣವನ್ನು ಜನರಿಗೆ ತಿಳಿಸಲೆಂದು ಪುಸ್ತಿಕೆ ಬರೆದು ಭಾರತೀಯ ಭಾಷೆಗಳಲ್ಲೂ ಹೊರತಂದರು. ಅವರೆಲ್ಲ ಹುಡುಕುತ್ತಿದ್ದ ಕೋನ ಎಷ್ಟು ಚಿಕ್ಕದೆಂದರೆ, ಹತ್ತು ರೂಪಾಯಿ ನಾಣ್ಯವನ್ನು ಆರುನೂರು ಮೀಟರಿಗೂ ಆಚೆ ಇಟ್ಟು ನೋಡಿದಷ್ಟು. ಬಿಸಿಲಿಗೆ ಏನೂ ಅಲ್ಲದ 6,378 ಕಿಲೋಮೀಟರ್ ಖಗೋಳಶಾಸ್ತ್ರಕ್ಕೆ ಮೊದಲ ಮೆಟ್ಟಿಲಾಯಿತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತು ಬೇಕಿತ್ತೇ ಎಂದು ಕೇಳಬಹುದು. ಬೇಕಿತ್ತು ಎನ್ನುತ್ತೇನೆ, ಎರಡು ಕಾರಣಕ್ಕೆ. ತಪ್ಪು ಹುಟ್ಟುವುದು ಹೆಚ್ಚಾಗಿ ಅಜ್ಞಾನದಿಂದಲ್ಲ, ಅರ್ಧ ಕಲಿತದ್ದರಿಂದ. ಪುಸ್ತಕದ ಚಿತ್ರಗಳಲ್ಲಿ ಭೂಮಿಯ ಕಕ್ಷೆಯನ್ನು ಕೋಳಿಮೊಟ್ಟೆಯಂತೆ ಎಳೆದು ಬರೆಯುತ್ತಾರೆ. ನಿಜವಾದ ಕಕ್ಷೆಯನ್ನು ಅಳತೆಗೆ ತಕ್ಕಂತೆ ಬರೆದರೆ ಕಣ್ಣಿಗೆ ವೃತ್ತವೇ. ಮೊಟ್ಟೆ ನೋಡಿದ ಮಗು, ತುದಿಯಲ್ಲಿದ್ದಾಗ ಚಳಿ, ಪಕ್ಕದಲ್ಲಿದ್ದಾಗ ಸೆಕೆ ಎಂದು ತೀರ್ಮಾನಿಸಿಬಿಡುತ್ತದೆ. ಅಕ್ಷರ ಕಲಿಯದ ಅಜ್ಜಿಯ ‘ಮಾರು ಹೊತ್ತು’ ಅದನ್ನು ಹೀಗೆ ದಾರಿ ತಪ್ಪಿಸುತ್ತಿರಲಿಲ್ಲ.

ಎರಡನೆಯದು ಇನ್ನೂ ಗಂಭೀರ. ಸೂರ್ಯ ಹತ್ತಿರ ಬಂದಿದ್ದಾನೆ ಎಂದುಬಿಟ್ಟರೆ ಸೆಕೆ ಹಣೆಬರಹವಾಗುತ್ತದೆ. ಅದು ಓರೆಯ, ನೆಲದ, ನೀರಿನ ಲೆಕ್ಕ ಎಂದು ತಿಳಿದರೆ ಅದರಲ್ಲಿ ನಮ್ಮ ಪಾಲೂ ಕಾಣುತ್ತದೆ. ಒಂದೇ ಕೋನದಲ್ಲಿ ಬಿದ್ದ ಬಿಸಿಲು ಒದ್ದೆ ನೆಲದಲ್ಲಿ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಒಣ ನೆಲದಲ್ಲಿ ಗಾಳಿಯನ್ನು ಕಾಯಿಸಲು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳ ಸಾಲಿನಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಹೂಳು ತುಂಬಿದ ಒಂದೊಂದು ಕೆರೆಗೂ, ಬೋಳಾದ ಒಂದೊಂದು ಕಾವಲಿಗೂ ಈ ಧಗೆಯಲ್ಲಿ ಪಾಲಿದೆ. ಸೂರ್ಯನ ಮೇಲೆ ಹೊರಿಸಿದರೆ ಯಾರೂ ಉತ್ತರ ಕೊಡಬೇಕಾಗಿಲ್ಲ, ಅನುಕೂಲ ಇರುವುದೇ ಅಲ್ಲಿ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಈಗ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಯೂರಿವೆ. ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಒಳ್ಳೆಯ ಕೆಲಸ. ಆದರೆ ಈ ಪ್ರಶ್ನೆಗೆ ಕ್ಯಾಂಪಸ್ ಬೇಕಿಲ್ಲ, ಒಂದು ಕೋಲು ಸಾಕು. ಏಪ್ರಿಲ್ 28 ಅಥವಾ 29ರಂದು ಚಳ್ಳಕೆರೆಯ ಅಂಗಳದಲ್ಲಿ ತೂಗುಗುಂಡು ಹಿಡಿದು ನೆಟ್ಟಗೆ ಕೋಲು ನೆಡಿ. ಬೆಳಗ್ಗೆ ಮಾರುದ್ದ ಇದ್ದ ನೆರಳು 12 ಗಂಟೆ 21 ನಿಮಿಷದ ಹೊತ್ತಿಗೆ ಕೋಲಿನ ಬುಡಕ್ಕೆ ಸೇರಿ ಇಲ್ಲವಾಗುತ್ತದೆ. ಕೋಲಿನ ಪಕ್ಕ ಮಕ್ಕಳನ್ನು ನಿಲ್ಲಿಸಿಕೊಂಡು, ಆ ಗಳಿಗೆಯಲ್ಲಿ ಸೂರ್ಯ ಬೆಳಗ್ಗೆಗಿಂತ ದೂರ ಇದ್ದಾನೆ ಎಂದು ಹೇಳಿ. ನಂಬದಿದ್ದರೆ ಲೆಕ್ಕ ಮಾಡಿಸಿ. ಮೊಳಕಾಲ್ಮೂರಿನವರು ಏಪ್ರಿಲ್ 30ರವರೆಗೆ ಕಾಯಬೇಕು. ಆಗಸ್ಟ್‌ನಲ್ಲಿ ಸೂರ್ಯ ಹಿಂತಿರುಗುವಾಗ ಸರದಿ ಅದಲುಬದಲಾಗುತ್ತದೆ: 12 ಅಥವಾ 13ಕ್ಕೆ ಮೊದಲು ಮೊಳಕಾಲ್ಮೂರು, 14ರ ಸುಮಾರಿಗೆ ಚಳ್ಳಕೆರೆ, ಮೋಡ ಬಿಟ್ಟರೆ.